ಗ್ರಿಲ್ಲಿನೊಳಗೆ ಬೀಗದಣ್ಣ

ಬೀಗ ರಿಪೇರಿ ಮಾಡುವವನನ್ನು ಬೀಗ ಹಾಕಿ ಕೂರಿಸುವುದೆಂದರೆ ಮೀನಿಗೆ ನೀರಿನಲ್ಲಿ ಮುಳುಗಿಸುವ ಶಿಕ್ಷೆ ಕೊಟ್ಟಂತೆ. ಆದರೂ ಕುಡಿತ ಬಿಟ್ಟ ಬೀಗದಣ್ಣನಿಗೆ ಬೇರೆ ದಾರಿ ತೋಚಿರಲಿಲ್ಲ. ಹಗಲೆಲ್ಲ ಸಾಧುವಾಗಿರುವ ಅವನ ನಾಲಿಗೆ ದೀಪ ಹತ್ತುತ್ತಲೇ ಚಡಪಡಿಸುತ್ತಿತ್ತು. ಹೆಂಡತಿ ಕೆಲಸದಿಂದ ಬರುವವರೆಗೆ ಅಂಗಡಿಯ ಗ್ರಿಲ್ಲಿಗೆ ಹೊರಗಿನಿಂದ ಬೀಗ ಹಾಕುವ ಹೊಣೆ ಪಕ್ಕದ ಟೈಲರನದು.

“ನನ್ನ ಮೇಲೆ ನಂಗೇ ನಂಬಿಕೆ ಇಲ್ಲ ಕಣಯ್ಯ. ನಿನ್ನ ಮೇಲಿದೆ,” ಎಂದಿದ್ದ ಅಣ್ಣ.

“ನಾನಿರೋವಾಗ ನಿಂಗ್ಯಾಕೆ ಚಿಂತೆ?” ಎಂದು ಟೈಲರ್ ಎದೆಯುಬ್ಬಿಸಿದ್ದ.

ಇವತ್ತು ಬೀಗ ಸಿಕ್ಕಿಸಿದವನೇ ಟೈಲರ್ ಸರಸರನೆ ಎತ್ತಲೋ ನಡೆದ. ಅಣ್ಣ ಗ್ರಿಲ್ಲಿಗೆ ಬೆನ್ನು ಹಾಕಿ ಕುಳಿತ. ಕಂಬಿಯ ಸಂದಿಯಿಂದ ಕೈ ಚಾಚಿ ಒಂದು ತಂತಿ ತಿರುಗಿಸಿದರೆ ಸಾಕು, ಆ ಬೀಗ ಬಾಯಿ ಬಿಡುತ್ತದೆ. ನೋಡಿದರೆ ಬೆರಳು ಸುಮ್ಮನಿರುವುದಿಲ್ಲ.

ಹಳೆಯ ಜೊತೆಗಾರ ಪೇಂಟರ್ ಬಂದ. “ಬಾರೋ, ಇವತ್ತು ಖರ್ಚೆಲ್ಲ ನಂದು!”

“ಬೀಗ ಹಾಕಿದೆ, ಕಾಣ್ಸಲ್ವಾ?”

“ನಿಂಗೂ ಬೀಗಾನಾ?” ಪೇಂಟರ್ ನಕ್ಕು ಹೋದ.

ಎದುರಂಗಡಿಯ ಅಜ್ಜಿ ಧೈರ್ಯ ಹೇಳಲು ಬಂದಳು. “ನಮ್ಮೆಜಮಾನ್ರೂ ಹಿಂಗೇ ಬಿಟ್ಟಿದ್ರಪ್ಪ.”

“ಆಮೇಲೆ?”

“ಆಮೇಲೇನು, ಮತ್ತೆ ಹಿಡ್ಕೊಂಡ್ರು.”

ಮೇಜಿನ ಮೇಲಿದ್ದ ತಂತಿ ಯಾವಾಗಲೋ ಅಣ್ಣನ ಬೆರಳಿಗೆ ಬಂದಿತ್ತು. ಹೆಂಡತಿಯ ಮುಖ ನೆನಪಾಗಿ ಅದನ್ನು ಬೀರುವಿನ ಅಡಿಗೆ ಎಸೆದ. ಬೆವರು ಒರೆಸಿಕೊಳ್ಳುತ್ತಾ ಹಾಗೇ ಕುಳಿತ.

ಕೊನೆಗೆ ಹೆಂಡತಿ ಬಂದು ಬೀಗಕ್ಕೆ ಕೈ ಹಾಕಿದಳು. “ಅಯ್ಯೋ, ಇದನ್ನ ಒತ್ತೇ ಇಲ್ವಲ್ರೀ! ಸುಮ್ನೆ ನೇತಾಡ್ತಿದೆ!”

“ಅಂದ್ರೆ... ಇಷ್ಟು ಹೊತ್ತೂ ನಾನೇ ಕೂತಿದ್ನಾ?”

“ನೀವೇ ಕೂತಿದ್ರಿ.” ಅವಳ ಕಣ್ಣು ತುಂಬಿತು. ಅಣ್ಣನಿಗಂತೂ ಅಳು, ನಗು ಎರಡೂ ಒಟ್ಟಿಗೇ ಬಂದವು. “ಇನ್ಮೇಲೆ ಬೀಗ ಬೇಡ ಕಣೇ!”

ಅಷ್ಟರಲ್ಲಿ ಟೈಲರನ ಹೆಂಡತಿ, ತೂರಾಡುತ್ತಿದ್ದ ಗಂಡನ ಕಾಲರ್ ಹಿಡಿದು ಎಳೆತಂದವಳೇ ನೇತಾಡುವ ಬೀಗ ನೋಡಿದಳು. “ಬೇಲೀನೇ ಎದ್ದು ಹೊಲ ಮೇಯ್ದಿದೆ ನೋಡಿ! ಬೀಗ ಒತ್ತೋಕೂ ಪುರುಸೊತ್ತಿಲ್ದೆ ಓಡಿದಾರೆ. ಇವತ್ತಿಂದ ಇವರನ್ನೂ ಇಲ್ಲೇ ಕೂರಿಸ್ಕೊಳ್ಳಿ ಅಣ್ಣ. ನಿಮ್ಮಂಥ ಗಟ್ಟಿ ಮನುಷ್ಯ ಈ ಬೀದೀಲಿ ಇನ್ಯಾರಿದ್ದಾರೆ?”

ಹೊಗಳಿಕೆಗೆ ಅಣ್ಣ ಉಬ್ಬಿಹೋದ. ಆ ಉಬ್ಬು ಇಳಿಯುವುದರೊಳಗೆ ಟೈಲರ್ ಒಳಗೆ ಅವನ ಪಕ್ಕದಲ್ಲಿದ್ದ, ಗ್ರಿಲ್ ಮುಚ್ಚಿತ್ತು. ಅಣ್ಣನ ಹೆಂಡತಿ ಬೀಗವನ್ನು ಟಕ್ಕೆಂದು ಒತ್ತಿ, ಎಳೆದೂ ನೋಡಿದಳು. “ಊಟ ಇಲ್ಲಿಗೇ ತರ್ತೀನಿ ರೀ.”

ಟೈಲರ್ ಹತ್ತಿರ ಸರಿದು ಕಿವಿಯಲ್ಲಿ ಉಸುರಿದ. ಆ ಹಳೆಯ ವಾಸನೆ ಘಮ್ಮೆಂದು ಅಂಗಡಿ ತುಂಬಿತು. “ಅಣ್ಣಾ, ನಿನ್ನ ಕೈಗೆ ಇದ್ಯಾವ ಲೆಕ್ಕ? ತೆಗೀ, ಇಬ್ರೂ ಹೋಗೋಣ.”

ಬೀಗಕ್ಕೆ ಬೆನ್ನು ಹಾಕಿದರೆ ಎದುರಿಗೆ ಟೈಲರ್, ಟೈಲರನಿಗೆ ಬೆನ್ನು ಹಾಕಿದರೆ ಎದುರಿಗೆ ಬೀಗ. ಅಣ್ಣ ಒಂದು ಕೈಯಲ್ಲಿ ತನ್ನ ಮೂಗು, ಇನ್ನೊಂದರಲ್ಲಿ ಟೈಲರನ ಕೈ ಗಟ್ಟಿಯಾಗಿ ಹಿಡಿದುಕೊಂಡು ಕುಳಿತ.