ಘಾಟು ಹತ್ತದ ಮೂಗು

ನಮ್ಮ ಸಂಪಗಾಂವದ ಮನೆಯಲ್ಲಿ ಮೂಗು ಸೋರಿದರೆ ಅದನ್ನು ಬೇನೆ ಎಂದು ಯಾರೂ ಒಪ್ಪುವುದಿಲ್ಲ. ಹೀಗಾಗಿ ಇಂಥ ಪ್ರಸಂಗಗಳಿಗೆ ಬರವಿಲ್ಲ. ಈ ಸಲದ್ದು ನನ್ನ ಗಂಡನ ಅಣ್ಣನ ಹೆಂಡತಿಯದು. ನಾನು ಅಕ್ಕಾ ಎನ್ನುತ್ತೇನೆ. ನನ್ನ ಕೂಸಿನ ಮುಖವನ್ನು ನನಗಿಂತ ಮೊದಲು ನೋಡಿದವಳು ಅವಳೇ.

ಭಕ್ತಿಯ ಕಣ್ಣೀರು

ಅಕ್ಕನಿಗೆ ನೆಗಡಿಯಾಗಿ ಹಣೆ, ಗಲ್ಲದ ಎಲುಬು ನೋಯತೊಡಗಿದವು. ಬಗ್ಗಿದರೆ ತಲೆ ಒಡೆಯುವಂಥ ನೋವು. ಅದೇ ಹೊತ್ತಿಗೆ ಮಠದ ಅಜ್ಜಾರು ಮನೆಗೆ ಬಂದರು. ಅಕ್ಕ ಪಾದಕ್ಕೆ ಬಗ್ಗಿದ್ದೇ ತಡ, ಕಣ್ಣಿಂದ ದಳದಳ ನೀರು.

"ಎಂಥಾ ಭಕ್ತಿ ಈ ಹೆಣ್ಣಮಗಳದು!" ಅಂದರು ಅಜ್ಜಾರು.

ಅತ್ತೆ ಉಬ್ಬಿ ಹೋದರು. "ಇನ್ನೊಮ್ಮೆ ಬೀಳವಾ!"

ಬಿದ್ದಳು. ಭಕ್ತಿ ಇಮ್ಮಡಿಯಾಯಿತು.

ವಿಭೂತಿಗೆ ಜಾಗವಿಲ್ಲ

ಮಾವ ತಮ್ಮ ತಪಕೀರಿನ ಡಬ್ಬಿ ಕೊಟ್ಟು "ಒಂದ ಚಿಟಿಕಿ ಮೂಗಿಗೆ ಏರಸು" ಅಂದರು. ಅತ್ತೆ ಹಣೆಗೆ ಬಜೆ ತೇದು ಹಚ್ಚಿದರು. ಪಕ್ಕದ ಮನೆಯ ಕಾಕಿ "ಬಜಿ ಏನ್ ಮಾಡತೈತ್ರಿ?" ಎಂದು ಅದರ ಮೇಲೆಯೇ ಶುಂಠಿ ಬಳಿದಳು. ಲಿಂಗಪೂಜೆಗೆ ಕುಳಿತ ಅಕ್ಕ ವಿಭೂತಿ ಹಿಡಿದುಕೊಂಡು ನನ್ನತ್ತ ತಿರುಗಿದಳು.

"ಇದನ್ನೆಲ್ಲಿ ಹಚ್ಚಲೇ? ನಿನ್ನ ಹಣಿ ಕೊಡತಿ ಏನ?"

ಘಾಟಿನ ಪರೀಕ್ಷೆ

ಒಂದೆರಡು ದಿನ ಹಗುರಾದಳು. ಜೋಳ ಬೀಸುತ್ತ ಹಾಡಿದಳು. ಆಮೇಲೆ ಜ್ವರ, ತಲೆನೋವು ಮೊದಲಿಗಿಂತ ಜೋರಾಗಿ ತಿರುಗಿ ಬಂದವು. ಬಲಗಣ್ಣು ಬಾತು ಮುಚ್ಚಿಕೊಂಡಿತು. ಮಾವನ ಎದುರು ಸೆರಗು ಮುಂದೆಳೆದುಕೊಳ್ಳುವ ಸೊಸೆ. ಗಂಡಸರಿಗೆ ಬಾವು ಕಾಣಲೇ ಇಲ್ಲ.

"ಬೈಲಹೊಂಗಲದ ದವಾಖಾನಿಗೆ ಹೋಗೂಣ್ರಿ ಅತ್ತಿ" ಅಂದೆ.

"ನೆಗಡಿಗೆ ಚಕ್ಕಡಿ ಹೂಡತಾರೇನ? ಯಾರದೋ ದೃಷ್ಟಿ ಆಗೇತಿ."

ದೃಷ್ಟಿ ತಾಗಿದ್ದರೆ, ನಿವಾಳಿಸಿ ಸುಟ್ಟ ಮೆಣಸಿನಕಾಯಿ ಘಾಟು ಬರುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಅತ್ತೆ ಒಲೆಗೆ ಹಿಡಿ ಮೆಣಸಿನಕಾಯಿ ಹಾಕಿದರು. ನಾವೆಲ್ಲ ಕೆಮ್ಮುತ್ತ ಅಂಗಳಕ್ಕೆ ಓಡಿದೆವು. ಎಮ್ಮೆಯೂ ಸೀನಿತು. ಮೂಗು ಕಟ್ಟಿದ್ದ ಅಕ್ಕ ಒಬ್ಬಳೇ ಒಳಗೆ ಸುಮ್ಮನೆ ಕುಳಿತಿದ್ದಳು.

"ಘಾಟ ಬಂತೇನವಾ?" ಅತ್ತೆ ಹೊರಗಿನಿಂದಲೇ ಕೂಗಿದರು.

"ಇಲ್ಲರಿ ಅತ್ತಿ."

ದೃಷ್ಟಿ ಶುಂಠಿ ತಂದ ಕಾಕಿಯದೇ ಎಂದು ಅತ್ತೆ ತೀರ್ಮಾನಿಸಿದರು. ಕೆಮ್ಮು ತಡೆಯಲಾಗದೆ ಓಣಿಗೆಲ್ಲ ಸಾರಿದರು: "ನೋಡ್ರಿ! ಖರೇನ ದೃಷ್ಟಿ! ಘಾಟ... ಬರಲೇ... ಇಲ್ಲ!"

ಒಂದು ಕಣ್ಣು

ಚಕ್ಕಡಿ ಹೂಡಿದ್ದು, ಕಣ್ಣುಗುಡ್ಡೆ ಮುಂದೆ ಬಂದು, ಆ ಕಣ್ಣಿಗೆ ದೀಪ ಕಾಣುವುದಿಲ್ಲ ಎಂದು ಅಕ್ಕ ಹೇಳಿದ ಮೇಲೆ. ಮೂಗಿನ ಸುತ್ತಲ ಎಲುಬಿನೊಳಗೆ ಪೊಳ್ಳು ಜಾಗ ಇರುತ್ತದಂತೆ. ಅಲ್ಲಿ ತುಂಬಿದ ಕೀವು ಕಣ್ಣಿಗೆ ಇಳಿದಿತ್ತು. ಡಾಕ್ಟರು ಕೊಯ್ದು ತೆಗೆದರು. ಜೀವ ಉಳಿಯಿತು, ಬಲಗಣ್ಣು ಉಳಿಯಲಿಲ್ಲ.

"ಬರೇ ನೆಗಡಿ ತಾನ ಹೋಗತೈತಿ," ಅಂದರು ಡಾಕ್ಟರು. "ಕಡಿಮಿ ಆಗಿ ಮತ್ತ ಜೋರ ಆದ್ರ ತೋರಸಬೇಕು. ಕಣ್ಣ ಬಾತ್ರ ಆವತ್ತ ಚಕ್ಕಡಿ ಹೂಡಬೇಕ್ರಿ."

ತಿರುಗಿ ಬರುವ ದಾರಿಯುದ್ದಕ್ಕೂ ಅತ್ತೆ ಸೊಸೆಯ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಕುಳಿತರು. ನನಗೆ ನೆನಪಿರುವಂತೆ ಅದೇ ಮೊದಲು.

ಮನೆಗೆ ಬಂದ ಮೇಲೆ ಕಾಕಿ ನೋಡಲು ಬಂದಳು. ಮತ್ತೆ ದೃಷ್ಟಿಯ ಮಾತು ಬಂದೀತೆಂದು ನೆಲ ನೋಡುತ್ತ ಬಾಗಿಲಲ್ಲೇ ನಿಂತಳು. ಅಕ್ಕ ತೊಡೆಯ ಮೇಲಿದ್ದ ನನ್ನ ಕೂಸನ್ನು ಎಡಕ್ಕೆ, ಕಾಣುವ ಬದಿಗೆ, ಸರಿಸಿಕೊಂಡಳು.

"ಮಾರಿ ಎತ್ತ ಕಾಕಿ. ಅಂಜಿಕಿ ಇದ್ರ ಒಂದ ಕಣ್ಣ ಮುಚ್ಚಿ ನೋಡ. ನಾನೂ ಒಂದರಲೇ ನೋಡತೇನಿ, ಇಬ್ಬರದೂ ಸರೀ ಆಗತೈತಿ."

ಬಡಪಾಯಿ ಕಾಕಿ ಅಳುತ್ತಲೇ, ನಿಜವಾಗಿಯೂ ಒಂದು ಕಣ್ಣು ಮುಚ್ಚಿ ನೋಡಿದಳು.