ಹದಿನೈದನೇ ನಿಮಿಷದ ಜೋಮು

ಅರ್ಧ ಮೂಟೆ ಇಳಿಸಿಯೇ ತೀರುತ್ತೇನೆ ಎಂದು ನಾನು ಘೋಷಿಸಿದ್ದು ತಮಿಳುನಾಡಿನ ಗಡಿಯೊಳಗಿನ ತಾಳವಾಡಿಯ ನನ್ನ ಗೊಬ್ಬರದಂಗಡಿಯಲ್ಲಿ, ಗಿರಾಕಿಗಳ ಎದುರಿಗೇ. ಮೂಟೆ ತೂಗುವ ಯಂತ್ರದ ಮೇಲೆ ತಮಾಷೆಗೆ ಹತ್ತಿ ನಿಂತಿದ್ದೆ. ಅದು ತೊಂಬತ್ತೊಂದು ಕಿಲೋ ತೋರಿಸಿತು. ಯೂರಿಯಾ ಮೂಟೆ ನಲವತ್ತೈದು ಕಿಲೋ. ಲೋಡು ಇಳಿಸುವ ರಾಚ ಲೆಕ್ಕದಲ್ಲಿ ಬಹಳ ಚುರುಕು.

"ಅಣ್ಣ, ನೀವು ಎಲ್ಡ್ ಮೂಟೆ, ಮ್ಯಾಲೊಂದ್ ಕೇಜಿ," ಎಂದ.

ಗಿರಾಕಿಗಳು ನಕ್ಕರು. ಐವತ್ತೆರಡು ವರ್ಷದ ಉಮಾಶಂಕರನ, ಅಂದರೆ ನನ್ನ, ಪೌರುಷ ಕೆರಳಿತು. ನಾಳೆಯಿಂದ ದಿನಕ್ಕೊಂದು ಗಂಟೆ ಬಿರುಸಿನ ನಡಿಗೆ, ದೀಪಾವಳಿಯ ಹೊತ್ತಿಗೆ ಅರ್ಧ ಮೂಟೆ ಮಾಯ ಎಂದು ಸಾರಿಬಿಟ್ಟೆ. ಮನೆಗೆ ಬಂದು ಹೆಂಡತಿ ಪುಟ್ಟಗೌರಮ್ಮನಿಗೂ ಹೇಳಿದೆ. ಎರಡೂವರೆ ಎಕರೆ ಹೊಲ, ಎರಡು ಹಸು ನೋಡಿಕೊಳ್ಳುವವಳು ಅವಳು. ಇಪ್ಪತ್ತು ವರ್ಷದಿಂದ ಅಂಗಡಿಯ ಕುರ್ಚಿ ನೋಡಿಕೊಂಡವನು ನಾನು. ನಡೆಯುವುದಕ್ಕೆ ಒಂದು ಗಂಟೆ ಬೇರೆ ತೆಗೆದಿಡಬೇಕೆ ಎಂದು ಅವಳಿಗೆ ಆಶ್ಚರ್ಯವಾಯಿತು.

ಚಾಮರಾಜನಗರಕ್ಕೆ ಹೋಗಿ ಬೂಟು ತಂದೆ. ವೀರರು ಸೊಂಟಪಟ್ಟಿ ಬಿಗಿದ ಹಾಗೆ ಲೇಸು ಬಿಗಿದೆ. ಸಡಿಲವಾಗಿ ಕಟ್ಟುವುದು ಸೋಮಾರಿಗಳ ಲಕ್ಷಣ ಎಂಬುದು ನನ್ನ ಸಿದ್ಧಾಂತ. ನಮ್ಮ ಕಡೆ ಬೆಳಕು ಹರಿಯುವ ಮುಂಚೆ ರಸ್ತೆಗೆ ಇಳಿಯುವ ಹಾಗಿಲ್ಲ. ಹೊಲ ಮೇಯ್ದ ಆನೆಗಳು ಕಾಡಿಗೆ ವಾಪಸಾಗುವ ಹೊತ್ತು ಅದು. ಅವುಗಳ ವಾಕಿಂಗ್ ಮುಗಿದ ಮೇಲೆ, ಏಳು ಗಂಟೆಗೆ, ಜೀರಹಳ್ಳಿ ರಸ್ತೆಯಲ್ಲಿ ನನ್ನ ವಾಕಿಂಗ್.

ಮೂರನೇ ದಿನ, ಸರಿಯಾಗಿ ಹದಿನೈದನೇ ನಿಮಿಷಕ್ಕೆ, ಬಲಗಾಲಿನ ಬೆರಳುಗಳಲ್ಲಿ ಇರುವೆ ಹರಿದಂತಾಯಿತು. ಸ್ವಲ್ಪ ಹೊತ್ತಿಗೆ ಇರುವೆಯೂ ಇಲ್ಲ, ಬೆರಳೂ ಇಲ್ಲ. ಬೂಟಿನೊಳಗೆ ಇನ್ಯಾರದೋ ಪಾದ ಇಟ್ಟುಕೊಂಡು ನಡೆಯುತ್ತಿರುವ ಹಾಗೆ. ಮೋರಿಕಟ್ಟೆಯ ಮೇಲೆ ಕುಳಿತು ಬೂಟು ಕಿತ್ತು, ತಿಕ್ಕಿ ತಿಕ್ಕಿ ಜೀವ ಬರಿಸಿದೆ. ಮರುದಿನವೂ ಅದೇ ಹದಿನೈದನೇ ನಿಮಿಷ. ನಮ್ಮೂರ ಬಸ್ಸು ಕೂಡ ಅಷ್ಟು ಸಮಯಪಾಲನೆ ಮಾಡುವುದಿಲ್ಲ. ವಾರ ಕಳೆಯುವಷ್ಟರಲ್ಲಿ ಎಡಗಾಲೂ ಸೇರಿಕೊಂಡಿತು.

ಬೇರೆಯವರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರೇನೋ. ನನಗೆ ಆಗಲಿಲ್ಲ. ನನ್ನ ಅಣ್ಣ ಸೋಮಣ್ಣ ಆರು ವರ್ಷದ ಹಿಂದೆ ಹೀಗೇ ಕಾಲು ಜೋಮು ಎಂದಿದ್ದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗದ್ದೆಯಲ್ಲಿ ಮೊಳೆ ಚುಚ್ಚಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಕೀವು ತುಂಬಿ ಕೊಯಮತ್ತೂರಿಗೆ ಸಾಗಿಸಿದಾಗ ತಿಳಿಯಿತು, ಸಕ್ಕರೆ ಕಾಯಿಲೆ ನರ ತಿಂದಿದೆ ಎಂದು. ಎರಡು ಬೆರಳು ಅಲ್ಲೇ ಬಿಟ್ಟು ಬಂದ. ಈಗಲೂ ಕೋಲೂರಿಕೊಂಡು ಅಂಗಡಿಗೆ ಬರುತ್ತಾನೆ. ಅವನ ರಕ್ತವೇ ತಾನೇ ನನ್ನದೂ.

ಮೊಬೈಲಿನಲ್ಲಿ ಹುಡುಕಿದೆ. ಸಕ್ಕರೆ, ಬೆನ್ನುಮೂಳೆಯಲ್ಲಿ ನರ ಸಿಕ್ಕಿಕೊಳ್ಳುವುದು, ವಿಟಮಿನ್ ಕೊರತೆ, ರಕ್ತನಾಳ ಕಟ್ಟಿಕೊಳ್ಳುವುದು ಎಂದೆಲ್ಲ ಪಟ್ಟಿ ಬಂತು. ಓದುತ್ತ ಹೋದಂತೆ ಎಲ್ಲವೂ ನನಗೆ ಇದ್ದವು. ಆ ದಿನ ಕೋಸಿಗೆ ಹುಳದ ಔಷಧಿ ಕೇಳಿದ ಗಿರಾಕಿ ಚಿಕ್ಕಯ್ಯನಿಗೆ ಮುಸುಕಿನಜೋಳದ ಬೀಜ ಕೊಟ್ಟು ಕಳಿಸಿದೆ. ಪುಟ್ಟಗೌರಮ್ಮನಿಗೆ ಮಾತ್ರ ಹೇಳಲಿಲ್ಲ. ಅವಳು ಗಾಬರಿಯಾದಾಳು ಎಂದು ನನಗೆ ನಾನೇ ಸಬೂಬು ಕೊಟ್ಟುಕೊಂಡೆ. ನಿಜ ಹೇಳಬೇಕೆಂದರೆ, ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ.

ಕೊನೆಗೆ ನಾನೇ ವೈದ್ಯನಾದೆ. ನರ ಸತ್ತಿದೆಯೋ ಬದುಕಿದೆಯೋ ನೋಡಲು ಮೂಟೆ ಹೊಲಿಯುವ ದಬ್ಬಳದಿಂದ ಚುಚ್ಚಿಕೊಳ್ಳುವುದು ಮೊದಲ ಯೋಜನೆ. ದಬ್ಬಳದ ಮೊನೆ ನೋಡಿ ಕೈಬಿಟ್ಟೆ. ಎರಡನೆಯದು ಬಿಸಿನೀರು. ಸಂಜೆ ಬಚ್ಚಲಿಗೆ ಹೋಗಿ, ಹಂಡೆಯಲ್ಲಿ ಕುದಿಯುತ್ತಿದ್ದ ನೀರನ್ನು ಬಕೆಟ್ಟಿಗೆ ಮೊಗೆದು, ತಣ್ಣೀರು ಬೆರೆಸದೆ, ದೇವರ ಹೆಸರು ಹೇಳಿ ಬಲಗಾಲು ಇಳಿಸಿದೆ.

ನರ ಬದುಕಿತ್ತು. ನನ್ನ ಕೂಗಿಗೆ ಕೊಟ್ಟಿಗೆಯ ಹಸು ಹಗ್ಗ ಜಗ್ಗಿತು. ಬಕೆಟ್ಟು ಮಗುಚಿ ಬಿತ್ತು. ಪುಟ್ಟಗೌರಮ್ಮ ಹಾಲಿನ ಚೊಂಬಿನ ಸಮೇತ ಓಡಿ ಬಂದಳು.

"ಯಾನಾಯ್ತು?"

"ಕಾಲ್ಗೆ ಗ್ಯಾನ ಅದಾ ಅಂತ ನೋಡ್ತಿದ್ದೆ."

"ಅದಾ?"

"ಅದೆ."

ಅವಳು ನಗಲಿಲ್ಲ. ತೊಟ್ಟಿಯ ತಣ್ಣೀರನ್ನು ಕಾಲಿನ ಮೇಲೆ ಬಹಳ ಹೊತ್ತು ಸುರಿದಳು. ಸುರಿಯುತ್ತಿರುವಾಗ ನಾನು ಎಲ್ಲವನ್ನೂ ಒದರಿಬಿಟ್ಟೆ. ಜೋಮು, ಮೊಬೈಲಿನ ಪಟ್ಟಿ, ಅಣ್ಣನ ಬೆರಳು. ಕಣ್ಣಲ್ಲಿ ನೀರೂ ಬಂತು. ನಾಳೆ ಅಂಗಡಿ ತೆರೆಯುವುದು ಬೇಡ, ಆಸ್ಪತ್ರೆಗೆ ಹೋಗೋಣ ಎಂದಷ್ಟೇ ಅವಳು ಹೇಳಿದಳು.

ಡಾಕ್ಟರ್ ನೇತ್ರ ಚಿಕ್ಕ ವಯಸ್ಸಿನವರು. ಮೊದಲು ಸುಟ್ಟ ಕಾಲಿನ ಬೊಬ್ಬೆ ನೋಡಿ ಹೇಗಾಯಿತು ಎಂದು ಕೇಳಿದರು. ಉತ್ತರ ಕೇಳಿದ್ದೇ ತಡ, ಕಾಲಿಗೆ ಸ್ಪರ್ಶ ತಿಳಿಯದಿರಬಹುದು ಎಂಬ ಸಂಶಯ ಇದ್ದವರು ಬಿಸಿನೀರಿನ ಹತ್ತಿರವೇ ಹೋಗಬಾರದು ಎಂದು ಗದರಿದರು. ಆಮೇಲೆ ಬೆರಳು ಚುಚ್ಚಿ ಸಕ್ಕರೆ ನೋಡಿದರು, ನೂರ ಹನ್ನೆರಡು. ಕಣ್ಣು ಮುಚ್ಚಿಸಿ ಒಂದು ನೈಲಾನ್ ಎಳೆಯನ್ನು ಪಾದಕ್ಕೆ ಮುಟ್ಟಿಸುತ್ತ, ಗೊತ್ತಾದಾಗಲೆಲ್ಲ ಹೂಂ ಅನ್ನಿ ಎಂದರು. ಭಯಕ್ಕೆ, ಎಳೆ ಮುಟ್ಟದಿದ್ದಾಗಲೂ ನಾನು ಎರಡು ಹೂಂ ಜಾಸ್ತಿಯೇ ಅಂದೆ.

ಕೊನೆಗೆ, ಚೀಲದಲ್ಲಿ ತಂದಿದ್ದ ಬೂಟನ್ನು ಬೊಬ್ಬೆ ಇಲ್ಲದ ಕಾಲಿಗೆ ದಿನಾ ಹಾಕುವ ಹಾಗೆಯೇ ಹಾಕಿ ತೋರಿಸಿ ಎಂದರು. ನಾನು ಹಲ್ಲು ಕಚ್ಚಿ ಲೇಸು ಜಗ್ಗಿದೆ. ಸಾಕು, ಬಿಚ್ಚಿ ಎಂದರು. ಪಾದದ ಮೇಲೆ ಏಣಿಯ ಮೆಟ್ಟಿಲಿನಂತೆ ಕೆಂಪು ಬರೆಗಳು. ಅಲ್ಲಿ ನರಗಳು ಚರ್ಮದ ಕೆಳಗೇ ಇರುತ್ತವಂತೆ. ನಡೆದಂತೆ ಪಾದ ಉಬ್ಬುತ್ತದೆ, ಬೂಟು ಬೇರೆ ಒಂದು ಸೈಜು ಚಿಕ್ಕದು, ಬಿಗಿದ ಲೇಸು ನರವನ್ನು ಒತ್ತುತ್ತದೆ. ಸಡಿಲ ಮಾಡಿ ನಡೆಯಿರಿ, ಎರಡು ವಾರದಲ್ಲಿ ಹೋಗದಿದ್ದರೆ ಬೆನ್ನು, ವಿಟಮಿನ್ ಎಲ್ಲ ನೋಡೋಣ ಎಂದರು.

ನನಗೆ ಮರುಹುಟ್ಟು ಬಂದಂತಾಯಿತು. ಅಷ್ಟು ದಿನ ಮುಚ್ಚಿಕೊಂಡಿದ್ದ ಬಾಯಿ ಬಿಚ್ಚಿ, ಲೇಸಿನ ಮೇಲೆ ಜೋಕು ಹೊಡೆಯತೊಡಗಿದೆ. ಅಷ್ಟರಲ್ಲಿ ಡಾಕ್ಟರು ಪುಟ್ಟಗೌರಮ್ಮನನ್ನೂ ಕೂರಲು ಹೇಳಿದರು. ಬಂದಿದ್ದೀರಿ, ವಯಸ್ಸೂ ನಲವತ್ತು ದಾಟಿದೆ, ಒಂದು ಸಲ ನೋಡಿಬಿಡೋಣ ಎಂದು. ಹಸು ಕಟ್ಟಿ ಬಂದಿದ್ದೇನೆ, ತಡವಾಗುತ್ತದೆ ಎಂದು ಅವಳು ಕೊಸರಾಡಿ ಕುಳಿತಳು. ಕಣ್ಣು ಮುಚ್ಚಿದಳು.

ಎಳೆ ಹೆಬ್ಬೆರಳಿಗೆ ತಾಗಿತು. ಅವಳು ಸುಮ್ಮನಿದ್ದಳು. ಹಿಮ್ಮಡಿಗೆ ತಾಗಿತು. ಸುಮ್ಮನಿದ್ದಳು. ನಾಚಿಕೆ ಇರಬೇಕು ಎಂದುಕೊಂಡು ನಾನೇ, "ಹೂಂ ಅನ್ನು," ಎಂದೆ.

"ಇನ್ನೂ ಮುಟ್ಟೇ ಇಲ್ವಲ್ಲ," ಎಂದಳು, ಕಣ್ಣು ಮುಚ್ಚಿಕೊಂಡೇ.

ಎಳೆ ಅವಳ ಹೆಬ್ಬೆರಳಿನ ಮೇಲೆ ಬಿಲ್ಲಿನಂತೆ ಬಾಗಿ ನಿಂತಿತ್ತು.

ಸಕ್ಕರೆ ಇನ್ನೂರ ಎಂಬತ್ತಾರು. ಅಂಗಾಲಿನಲ್ಲಿ ಮುರಿದ ಮುಳ್ಳಿನ ತುದಿಯೊಂದು ಕಪ್ಪಾಗಿ ಕೂತಿತ್ತು. ಯಾವಾಗ ಚುಚ್ಚಿತೋ ಅವಳಿಗೆ ತಿಳಿಯದು. ಎಷ್ಟು ದಿನದಿಂದ ಹೀಗೆ ಎಂದು ಡಾಕ್ಟರು ವಿಚಾರಿಸಿದರು.

"ಎಲ್ಡ್ ವರ್ಸ ಆಗಿರ್ಬೌದು ಕಣವ್ವ. ಚಪ್ಲಿ ಆಕಿದ್ರೂ ಆಕಿಲ್ದಂಗೆ, ಆಕಿಲ್ದಿದ್ರೂ ಆಕಿದ್ದಂಗೆ. ಮಣ್ಕೆಲ್ಸ ಮಾಡೋರ ಕಾಲು ಅಂಗೇಯ ಅನ್ಕೊಂಡೆ."

ಡಾಕ್ಟರು ಚೀಟಿ ಬರೆಯುತ್ತ ನರ್ಸಿಗೆ ತಮಿಳಿನಲ್ಲಿ, "ಕಾಲ್ ಮರತ್ತುಪೋಚ್ಚು," ಎಂದರು. ಕಾಲು ಜೋಮು ಹಿಡಿದಿದೆ ಎಂದು ಅದರ ಅರ್ಥ. ಕನ್ನಡದ ಕಿವಿಗೆ ಅದು ಮರೆತುಹೋಯಿತು ಎಂದೇ ಬೀಳುತ್ತದೆ. ಹೇಳಿದ್ದು ಅವಳ ಕಾಲಿನ ಬಗ್ಗೆ. ತಲೆ ತಗ್ಗಿಸಿದವನು ನಾನು.

ಮುಳ್ಳು ತೆಗೆದು ಪಟ್ಟಿ ಹಾಕಿದರು. ಮಾತ್ರೆ ಕೊಟ್ಟರು. ಸದ್ಯ ಕೀವು ತುಂಬುವ ಮೊದಲೇ ಸಿಕ್ಕಿತು, ಎಚ್ಚರವಾಗಿದ್ದರೆ ಕಾಲು ಉಳಿಸಿಕೊಳ್ಳಬಹುದು, ಆದರೆ ದಿನಾ ಅಂಗಾಲು ನೋಡಲೇಬೇಕು ಎಂದರು. ಮಂಡಿನೋವಿನಿಂದ ಅವಳಿಗೆ ತನ್ನ ಅಂಗಾಲು ತಾನೇ ನೋಡಿಕೊಳ್ಳಲು ಆಗುವುದಿಲ್ಲ. ಡಾಕ್ಟರು ನನ್ನ ಕಡೆ ತಿರುಗಿದರು.

ಅಂದಿನಿಂದ ಪ್ರತಿ ಸಂಜೆ ಅವಳು ಜಗಲಿಯ ಮೇಲೆ, ನಾನು ಕೆಳಗೆ. ಅವಳ ಪಾದ ತೊಡೆಯ ಮೇಲಿಟ್ಟುಕೊಂಡು, ಬೆರಳ ಸಂದುಗಳಿಗೆಲ್ಲ ಮೊಬೈಲ್ ಬೆಳಕು ಬಿಟ್ಟು ಗಾಯ ಹುಡುಕುತ್ತೇನೆ. ಒಂದು ಸಣ್ಣ ಗೆರೆ ಕಂಡರೂ ಬೆಳಕನ್ನು ಇನ್ನೂ ಹತ್ತಿರ ಹಿಡಿಯುತ್ತೇನೆ. ನಾಲ್ಕನೇ ದಿನ ಪಕ್ಕದ ಮನೆಯ ಬೊಮ್ಮಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವಳು, ನಮ್ಮನ್ನು ನೋಡಿ, ಕೇಳದೆಯೇ ಹಿಂದಿರುಗಿದಳು. ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ರಾಚ ಯಾರೂ ಇಲ್ಲದ ಹೊತ್ತು ನೋಡಿ ಮೆಲ್ಲಗೆ ಕೇಳಿದ:

"ಅಣ್ಣ, ದಿನಾ ಅಕ್ಕನ್ ಕಾಲ್ಗೆ ಬೀಳ್ತಿದ್ದೀರಂತೆ. ಅಂತಾ ತೆಪ್ಪು ಯಾನ ಮಾಡುದ್ರಿ?"

ಸಂಜೆ ಅವಳ ಪಾದ ಹಿಡಿದುಕೊಂಡೇ, ಊರೆಲ್ಲ ಹೋದ ನನ್ನ ಮಾನದ ಕತೆಯನ್ನು ದುಃಖದಿಂದ ಹೇಳಿದೆ. ಬೊಮ್ಮಮ್ಮನಿಗೆ ಎರಡು ಮಾತು ಬುದ್ಧಿ ಹೇಳುತ್ತಾಳೆ ಎಂದು ನನ್ನ ನಿರೀಕ್ಷೆ. ಪುಟ್ಟಗೌರಮ್ಮ ಎಡಗಾಲನ್ನು ನನ್ನ ತೊಡೆಯಿಂದ ಇಳಿಸಿದಳು.

"ಬೊಮ್ಮಮ್ಮ ಸುಳ್ಳೇನ್ ಏಳಿಲ್ಲ ಬುಡಿ," ಎಂದಳು. "ಎಡ್ಗಾಲು ಆಯ್ತಲ್ಲ, ಬಲ್ಗಾಲು ಇಡ್ಕಳಿ."