ಸರಿಯಾಗಿ ಕೇಳಿಸದ ಇಯರ್‌ಫೋನ್ ಬೇಕಾಗಿದೆ

ಕೊಟ್ಟಿದ್ದನ್ನು ಕೊಟ್ಟ ಹಾಗೆ ತೆಗೆದುಕೊಂಡು ಬರುವ ಪೈಕಿ ನಾನಲ್ಲ. ಬದನೆಕಾಯಿಯನ್ನು ತೊಟ್ಟಿನಿಂದ ಬುಡದವರೆಗೆ ತಿರುಗಿಸಿ ನೋಡುತ್ತೇನೆ. ಬೆಂಕಿಪೊಟ್ಟಣ ಕೊಂಡರೆ ಅಂಗಡಿಯ ಕಟ್ಟೆಯ ಮೇಲೇ ಒಂದು ಕಡ್ಡಿ ಗೀರಿ ಪರೀಕ್ಷಿಸುತ್ತೇನೆ. ನಮ್ಮ ಸೊಸೈಟಿಗೆ ತರಕಾರಿ ಗಾಡಿ ತರುವ ಹೆಂಗಸು ದೂರದಿಂದ ನನ್ನನ್ನು ಕಂಡರೆ ಟೊಮೆಟೊ ಮೇಲೆ ಗೋಣಿಚೀಲ ಎಳೆದುಬಿಡುತ್ತಾಳೆ. ನನ್ನ ಹೆಂಡತಿ ಸುಮಾಳಂತೂ, “ಹೆಣ್ಣು ನೋಡ್ಲಿಕ್ಕೆ ಬಂದಾಗೂ ಹಿಂಗs ನೋಡಿದ್ರಿ. ಬೆಳಕಿಗೆ ಹಿಡದು ನೋಡೂದೊಂದು ಬಾಕಿ ಇತ್ತು” ಎಂದು ಮದುವೆಯಾದಾಗಿನಿಂದ ಹೇಳುತ್ತಲೇ ಬಂದಿದ್ದಾಳೆ. ನಾನೇನು ಮಾಡಲಿ, ಹೊಟ್ಟೆಪಾಡೇ ಅದು. ವಡೋದರಾದ ಮಕರಪುರದಲ್ಲಿ ವಿದ್ಯುತ್ ಸ್ವಿಚ್ಚುಗಳನ್ನು ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ಇನ್ಸ್‌ಪೆಕ್ಟರ್. ಮಾಲಿನಲ್ಲಿ ಐಬು ಹುಡುಕುವುದು, ಸಿಕ್ಕಿದ ಕೂಡಲೇ ಕೆಂಪು ಚೀಟಿ ಅಂಟಿಸಿ ಪಕ್ಕಕ್ಕೆ ಎಸೆಯುವುದು, ಇದಕ್ಕೇ ನನಗೆ ಸಂಬಳ. ಇಂಥ ನಾನು, ಒಳ್ಳೆಯ ಮಾಲನ್ನು ಕೈಯಲ್ಲಿಟ್ಟುಕೊಂಡು, ಕೆಟ್ಟ ಮಾಲು ಎಲ್ಲಿ ಸಿಗುತ್ತದೆ ಎಂದು ಊರೂರು ಅಲೆದೆ ಅಂದರೆ ನೀವು ನಂಬಲಿಕ್ಕಿಲ್ಲ. ನಮ್ಮ ಕಾರ್ಖಾನೆಯಲ್ಲಂತೂ ಯಾರೂ ನಂಬುವುದಿಲ್ಲ, ಅದಕ್ಕೇ ಅಲ್ಲಿ ಹೇಳಿಲ್ಲ.

ಅವ್ವ ತೀರಿಹೋದ ಮೇಲೆ ಅಪ್ಪನನ್ನು ಧಾರವಾಡದಿಂದ ನಮ್ಮಲ್ಲಿಗೆ ಕರೆತಂದೆ. ಎರಡು ಕೋಣೆಯ ಫ್ಲಾಟು. ಅಪ್ಪನಿಗೆ ಗುಜರಾತಿ ಬಾರದು, ಹಿಂದಿ ಬೇಡ. ಇಲ್ಲೇ ಹುಟ್ಟಿದ ಮಗಳು ಶುಭಾಳ ಕನ್ನಡವೋ ದೇವರಿಗೇ ಪ್ರೀತಿ. “ಅಜ್ಜ, ನೀನು ಖಾನಾ ತಿಂದ್ಯಾ?” ಎಂದು ಅವಳು ಕೇಳಿದರೆ ಅಪ್ಪ ನನ್ನ ಮುಖ ನೋಡಿ, “ಏನ ಅಂತದೋ ಈ ಕೂಸು?” ಅನ್ನುತ್ತಿದ್ದರು. ಅವರು ತಂದದ್ದು ಒಂದು ಟ್ರಂಕು, ಒಂದು ಟೇಪ್ ರೆಕಾರ್ಡರ್, ಒಂದೇ ಒಂದು ಕ್ಯಾಸೆಟ್ಟು. ಆ ಕ್ಯಾಸೆಟ್ಟಿನಲ್ಲಿ ಇದ್ದದ್ದು ಅವ್ವನ ಆರತಿ ಹಾಡು. ನನ್ನ ತಂಗಿಯ ಕುಬಸದ ದಿನ ಅಪ್ಪನೇ ಟೇಪನ್ನು ಮಡಿಲಲ್ಲಿಟ್ಟುಕೊಂಡು ಕೂತು ರೆಕಾರ್ಡ್ ಮಾಡಿದ್ದು. ನಮ್ಮ ಮನೆಯಲ್ಲೊಂದು ಪದ್ಧತಿ ಇದೆ: ಬಸುರಿಗೆ ಆರತಿ ಎತ್ತಿದ ಮೇಲೆ ತಟ್ಟೆ ಕೆಳಗಿಡುವ ತನಕ ಹಾಡು ನಿಲ್ಲಬಾರದು. ಶುರುಮಾಡಿದವಳೇ ಮುಗಿಸಬೇಕು, ನಡುವೆ ತಡೆದರೆ ಹೊಟ್ಟೆಯ ಕೂಸಿಗೆ ಒಳ್ಳೆಯದಲ್ಲ ಅನ್ನುವ ನಂಬಿಕೆ. ಅವ್ವ ನಿಲ್ಲಿಸಿರಲಿಲ್ಲ. ಅದಾದ ಕೆಲವೇ ತಿಂಗಳಿಗೆ ಅವಳು ಹೋದಳು. ಶ್ವಾಸಕೋಶ ಎಂದೋ ಕೆಟ್ಟುಹೋಗಿತ್ತಂತೆ, ಗೊತ್ತಾದದ್ದು ಮಾತ್ರ ಕಟ್ಟಕಡೆಗೆ.

ಅಪ್ಪ ಆ ಹಾಡನ್ನು ಹಾಕಿಕೊಂಡೇ ಏಳುತ್ತಿದ್ದರು, ಹಾಕಿಕೊಂಡೇ ಉಣ್ಣುತ್ತಿದ್ದರು. ಹಾಡು ಇಲ್ಲದಿದ್ದರೆ ತಟ್ಟೆಯಲ್ಲಿ ಅನ್ನವನ್ನು ಆ ಕಡೆ ಈ ಕಡೆ ಸರಿಸುತ್ತ ಕೂರುತ್ತಿದ್ದರು. ಹಾಡು ಶುರುವಾದರೆ ತೊಡೆಯ ಮೇಲೆ ತಾಳ ಹಾಕುತ್ತ ತುತ್ತು ನುಂಗುತ್ತಿದ್ದರು. ಕಿವಿ ಮಂದವಾದ್ದರಿಂದ ಸೌಂಡು ತುದಿಗೇ ಇರಬೇಕು. ಕೆಳಗಿನ ಮನೆಯ ಮಹೇಶಭಾಯಿ ಒಂದು ದಿನ ಮೇಲೆ ಬಂದು, ಬಹಳ ಮರ್ಯಾದೆಯಿಂದಲೇ, “ನಿಮ್ಮಲ್ಲಿ ಇದು ಯಾವ ಹಬ್ಬ? ನಮ್ಮ ನವರಾತ್ರಿಯೂ ಒಂಬತ್ತು ದಿನಕ್ಕೆ ಮುಗಿಯುತ್ತದೆ” ಎಂದು ಹಿಂದಿಯಲ್ಲಿ ಕೇಳಿದರು. ಅವರದ್ದು ಹೋಗಲಿ. ನನ್ನ ಅವಸ್ಥೆ ಬೇರೆ. ಸಂಜೆ ಕೆಲಸ ಮುಗಿಸಿ ಮೆಟ್ಟಿಲು ಹತ್ತುವಾಗ ಒಳಗಿನಿಂದ ಅವ್ವನ ದನಿ ಬರುತ್ತಿತ್ತು. ಮೆಟ್ಟಿಲ ಮೇಲೆ ಅವಳು ಇರುತ್ತಿದ್ದಳು, ಬಾಗಿಲು ತೆಗೆದರೆ ಇರುತ್ತಿರಲಿಲ್ಲ. ದಿನಾ ಹೀಗಾದರೆ ಮನುಷ್ಯ ಏನಾಗಬೇಕು ಹೇಳಿ. ನೆರೆಯವರಿಗೆ ತೊಂದರೆ ಅಂತ ನೆಪ ಹೇಳಿ ನಾನು ಒಂದು ವಾಕ್‌ಮನ್ ತಂದೆ.

ಇಲ್ಲಿಂದ ನನ್ನ ಇಯರ್‌ಫೋನ್ ಪುರಾಣ ಶುರು. ವಾಕ್‌ಮನ್ ಜೊತೆ ಬಂದದ್ದು ತಲೆಯ ಮೇಲೆ ತಗಡಿನ ಕಮಾನು ಇರುವ, ಕಿವಿಗೆ ಸ್ಪಂಜಿನ ಬಿಲ್ಲೆ ಕೂರುವ ಜಾತಿಯದು. ಅಪ್ಪ ದಿನವಿಡೀ ಕರಿ ಟೊಪ್ಪಿಗೆ ಹಾಕುವವರು, ಸ್ನಾನಕ್ಕೆ ಬಿಟ್ಟರೆ ತೆಗೆಯುವವರಲ್ಲ. ಕಮಾನು ಟೊಪ್ಪಿಗೆಯ ಮೇಲೆ ಕೂತು, ಜಾರಿ, ಕಣ್ಣಿನ ಮೇಲೆ ಇಳಿಯುತ್ತಿತ್ತು. “ಕುದರಿಗೆ ಕಟ್ಟೂದನ್ನ ನನಗ ಕಟ್ಟೀಯಲ್ಲೋ ತಮ್ಮಾ” ಅಂದರು. ಕೆಂಪು ಚೀಟಿ. ಮುಂದೆ ತಂದದ್ದು ಗುಂಡಿಯ ಹಾಗೆ ಕಿವಿಯ ಬಾಯಲ್ಲಿ ಕೂರುವ ಪ್ಲಾಸ್ಟಿಕ್ಕಿನ ಇಯರ್‌ಫೋನು. ಮಂಗಳವಾರದ ಸಂತೆಯ ಅಗ್ಗದ ಮಾಲಿಗಿಂತ ಒಂದು ಕೂದಲೆಳೆ ಮೇಲು. “ಕಿವ್ಯಾಗ ಹುಣಸೀಬೀಜ ಇಟ್ಟಂಗ ಆಗ್ತದ” ಎಂದು ಗೊಣಗಿದರೂ, ಸುಮಾ ಅದಕ್ಕೆ ಸ್ಪಂಜಿನ ಟೊಪ್ಪಿಗೆ ಹಾಕಿಕೊಟ್ಟ ಮೇಲೆ ಒಗ್ಗಿಹೋಯಿತು. ಸೌಂಡು? ನಾನು ಹಾಕಿಕೊಂಡು ನೋಡಿದೆ. ಓಣಿಯ ಆ ತುದಿಯಲ್ಲಿ ಯಾರೋ ಹಾಡುತ್ತಿದ್ದಾರೆ, ನಡುವೆ ಯಾರೋ ಕಂಬಳಿ ಹಿಡಿದಿದ್ದಾರೆ. ಒಂದು ಬದಿ ಅರ್ಧ ಸತ್ತಿತ್ತು. ಇನ್ನೊಂದು ಬದಿ ಬದುಕಬೇಕಾದರೆ ವೈರಿನ ಬುಡವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕು. ಅಪ್ಪ ಒತ್ತಿ ಹಿಡಿದುಕೊಂಡೇ ಕೂರುತ್ತಿದ್ದರು. “ಇರ್ಲಿ ಬಿಡೋ. ದನಿ ಸಣ್ಣಗ ಬರ್ತದಲ್ಲ, ಅಕಿ ಹರೇದಾಗ ಹಾಡಿದಂಗ ಕೇಳಸ್ತದ” ಎಂದು ನಗುತ್ತಿದ್ದರು. ಊಟ ಸರಿಯಾಗಿ ಮಾಡುತ್ತಿದ್ದರು. ಮನೆ ಶಾಂತವಾಗಿತ್ತು. ಮಹೇಶಭಾಯಿ ಹಬ್ಬ ಮುಗಿಯಿತೆಂದು ನಮಗೆ ಒಂದು ತಟ್ಟೆ ಖಮಣ್ ತಿಂಡಿ ಕಳಿಸಿಕೊಟ್ಟರು.

ಅಷ್ಟಕ್ಕೆ ಬಿಟ್ಟಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ನಾನು ಇನ್ಸ್‌ಪೆಕ್ಟರ್ ನೋಡಿ! ನನ್ನ ಮನೆಯಲ್ಲಿ, ನನ್ನ ಕಣ್ಣೆದುರಿಗೆ, ನನ್ನ ಹೆತ್ತ ತಂದೆ ಒಂದು ರಿಜೆಕ್ಟ್ ಮಾಲಿನ ವೈರನ್ನು ಒತ್ತಿಕೊಂಡು ಕೂರುವುದೆಂದರೇನು? ಆ ಹೊತ್ತಿಗೆ ಕೆಲಸದ ಮೇಲೆ ಸೂರತ್ತಿಗೆ ಹೋಗಬೇಕಾಯಿತು. ಅಲ್ಲಿ ಅಡಾಜಣ್‌ನಲ್ಲಿ ನನ್ನ ಧಾರವಾಡದ ಗೆಳೆಯ ಕುಲಕರ್ಣಿ ಇದ್ದಾನೆ, ಬ್ಯಾಂಕಿನವನು. ಅವನು ನನ್ನನ್ನು ಫಾರಿನ್ ಮಾಲಿನ ಅಂಗಡಿಯೊಂದಕ್ಕೆ ಕರೆದುಕೊಂಡು ಹೋದ. ಅಂಗಡಿಯವನು ಮಸ್ಕತ್ತಿನಿಂದ ಬಂದದ್ದು ಎಂದು ಒಂದು ಪುಟ್ಟ ಡಬ್ಬಿ ತೆರೆದ. ತುದಿಗೆ ಮೆತ್ತನೆಯ ರಬ್ಬರು, ಕಿವಿಯ ಬಾಯಲ್ಲಿ ಅಲ್ಲ, ಒಳಗೇ ಹೋಗಿ ಕೂರುವಂಥದ್ದು. ಹಾಕಿಕೊಂಡೆ. ಸೂರತ್ತಿನ ರಿಕ್ಷಾ, ಹಾರ್ನು, ಕುಲಕರ್ಣಿಯ ಬಾಯಿ, ಎಲ್ಲ ಒಂದೇ ಸಲಕ್ಕೆ ಬಂದ್. ಅಂಗಡಿಯವನು ಹಾಕಿದ ಟೇಪಿನಲ್ಲಿ ತಬಲಾ ಬಾರಿಸುವವನ ಉಗುರು ಚರ್ಮಕ್ಕೆ ತಾಗುವುದೂ ಕೇಳಿಸಿತು! ನನ್ನ ಜನ್ಮದಲ್ಲಿ ಐಬಿಲ್ಲದ ಮಾಲನ್ನು ಕಂಡದ್ದು ಅದೇ ಮೊದಲು. ವಡೋದರಾಕ್ಕೆ ಬಂದವನೇ ಹಳೆಯ ಗುಂಡಿಯ ಇಯರ್‌ಫೋನನ್ನು ಭಂಗಾರದವನ, ಅಂದರೆ ನಮ್ಮ ಕಡೆಯ ಗುಜರಿಯವನ, ಚೀಲಕ್ಕೆ ಹಾಕಿಬಿಟ್ಟೆ. ಸುಮಾ ಬೇಡ ಅಂದಳು. ಕೇಳಲಿಲ್ಲ.

ಭಾನುವಾರ ಬೆಳಗ್ಗೆ ಅಪ್ಪನಿಗೆ ನಾನೇ ಕೈಯಾರೆ ಹಾಕಿದೆ. “ಭಾಳ ಮೆತ್ತಗ ಅದಲೋ, ಎಣ್ಣ್ಯಾಗ ಅದ್ದಿದ ಅರಳಿ ಇಟ್ಟಂಗ” ಎಂದು ಖುಷಿಪಟ್ಟರು. ನಾನು ಬಹುಮಾನ ಬಂದವನ ಹಾಗೆ ಎದುರಿಗೆ ಕೂತೆ. ಹಾಡು ಶುರುವಾಯಿತು, ತೊಡೆಯ ಮೇಲೆ ತಾಳ ಶುರುವಾಯಿತು. ಸ್ವಲ್ಪ ಹೊತ್ತಿಗೆ ಕೈ ನಿಂತಿತು. ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಕೇಳಿದರು. ಮತ್ತೆ ಸುತ್ತಿದರು. ಆಮೇಲೆ ಎರಡನ್ನೂ ಕಿವಿಯಿಂದ ತೆಗೆದು, ಧೋತರದ ಅಂಚಿಗೆ ಒರೆಸಿ, ನನ್ನ ಕೈಗೆ ಕೊಟ್ಟು, “ನೀ ಒಮ್ಮೆ ಕೇಳು” ಅಂದರು.

ಕೇಳಿದೆ. ಪ್ರತಿ ಸಾಲು ಮುಗಿದ ಕೂಡಲೇ ಅವ್ವ ಉಸಿರನ್ನು ಎಳೆದುಕೊಳ್ಳುತ್ತಿದ್ದಳು, ಕಮ್ಮಾರನ ತೂತು ಬಿದ್ದ ತಿದಿ ಎಳೆದ ಹಾಗೆ. ಮೂರನೆಯ ನುಡಿಯಲ್ಲಿ ಕೆಮ್ಮು ಬಂತು. ಅವಳು ಅದನ್ನು ಬಾಯಿಂದ ಹೊರಗೆ ಬಿಡಲಿಲ್ಲ, ನುಂಗಿದಳು. ನುಂಗಿದ ಸದ್ದೂ ಕೇಳಿಸಿತು. ಹಿಂದಿನಿಂದ ಸೋದರತ್ತೆ, “ವೈನಿ, ಸಾಕ್ ಬಿಡ್ರಿ, ಮುಂದಿಂದು ನಾ ಅಂತೀನಿ” ಅಂದದ್ದು ಕೇಳಿಸಿತು. ಅವ್ವ ಹಾಡು ಬಿಡಲಿಲ್ಲ. ಬಿಡಬಾರದಲ್ಲ, ತಟ್ಟೆ ಇನ್ನೂ ಕೈಯಲ್ಲಿತ್ತು. ಆಗ ತೀರಾ ಹತ್ತಿರದಿಂದ, ಪಿಸುದನಿಯಲ್ಲಿ ಅಪ್ಪ: “ದನಿ ಏರಸು, ಏರಸು. ರೆಕಾರ್ಡ್ ಆಗವಲ್ಲದು.” ಅವ್ವ ಏರಿಸಿದಳು.

“ಅದು ಟೇಪಿನ ಖರಖರ, ಅಪ್ಪಾ” ಅಂದೆ. ನನ್ನ ದನಿ ನನಗೇ ಸುಳ್ಳು ಅನ್ನಿಸಿತು.

“ನಾ ಕಿವುಡ ಆಗೀನಿ, ಹುಚ್ಚ ಆಗಿಲ್ಲ” ಅಂದರು ಅಪ್ಪ. “ಅಕಿಗೆ ಆಗ್ತಿರ್ಲಿಲ್ಲೋ. ನಾನs ಏರಸು ಅಂದೆ.”

ಅವತ್ತಿನಿಂದ ವಾಕ್‌ಮನ್ ಕಿಟಕಿಯ ಮೇಲೆ ಕೂತಿತು. ಟೇಪ್ ರೆಕಾರ್ಡರಿನಲ್ಲೇ ದೊಡ್ಡದಾಗಿ ಹಾಕ್ರಿ, ಮಹೇಶಭಾಯಿಗೆ ನಾನು ಹೇಳುತ್ತೇನೆ ಅಂದೆ. ಬೇಡವೆಂದು ತಲೆಯಾಡಿಸಿದರು. ಸುಮಾ ಊಟಕ್ಕೆ ಕರೆದರೆ ಬಂದು ಕೂರುತ್ತಿದ್ದರು, ಅನ್ನವನ್ನು ಆ ಕಡೆ ಈ ಕಡೆ ಸರಿಸಿ ಎದ್ದು ಹೋಗುತ್ತಿದ್ದರು. ಮುಖ ಇಳಿಯಿತು, ಅಂಗಿ ಸಡಿಲಾಯಿತು. ಸುಮಾ ಅಡುಗೆಮನೆಯಲ್ಲಿ ನನ್ನನ್ನು ಹಿಡಿದು, “ಬೇಕಾಗಿತ್ತಲ್ಲ ನಿಮಗ ಛಲೋ ಮಾಲು! ಈಗ ಅವರಿಗೇನರ ಆದ್ರ ಯಾವ ಚೀಟಿ ಹಚ್ಚತೀರಿ?” ಎಂದು ಜಾಡಿಸಿದಳು. ನನಗೆ ಹೆದರಿಕೆಯಾಗಿತ್ತು. ಅವ್ವನನ್ನು ನೋಡುನೋಡುತ್ತ ಕಳಕೊಂಡೆವು, ಈಗ ಇವರನ್ನೂ ಹಾಗೇ ನೋಡುತ್ತ ಕೂತಿದ್ದೇನೆ ಅನ್ನಿಸುತ್ತಿತ್ತು. ಕೊನೆಗೊಂದು ದಿನ ಅಪ್ಪನೇ, ಮಕ್ಕಳು ಏನಾದರೂ ಕೇಳುವಾಗ ಹಿಂಜರಿಯುತ್ತಾರಲ್ಲ, ಹಾಗೆ ಕೇಳಿದರು:

“ಆ ಹಳೇದು ಎಲ್ಲದನೋ? ವಾಯರ್ ಒತ್ತಿ ಹಿಡೀಬೇಕಾಗ್ತಿತ್ತಲ್ಲ, ಅದು?”

“ಯಾಕಪ್ಪಾ?”

“ಅದರಾಗ ಅಕಿ ಆರಾಮ ಇದ್ಲು.”

ಭಂಗಾರದವನ ಚೀಲದಿಂದ ಅದು ವಾಪಸು ಬರುವ ಮಾತಿಲ್ಲ. ಹಾಗಾಗಿ ನಾನು ಹುಡುಕಲು ಹೊರಟೆ. ಕೆಟ್ಟ ಇಯರ್‌ಫೋನ್ ಸಿಗುವುದೇನು ಕಷ್ಟ, ಇಡೀ ಹಿಂದೂಸ್ತಾನವೇ ತುಂಬಿದೆ ಅಂದುಕೊಂಡಿದ್ದೆ. ಕೇಳಿ ನೋಡಿ, ಆಗ ಗೊತ್ತಾಗುತ್ತದೆ. ವಡೋದರಾದ ಅಂಗಡಿಗಳಲ್ಲಿ “ಸರಿಯಾಗಿ ಕೇಳಿಸದಂಥದ್ದು ಕೊಡಿ” ಅಂದರೆ, ಒಬ್ಬ ನಕ್ಕ, ಒಬ್ಬ ಬೈದ, ಇನ್ನೊಬ್ಬ ನಾನು ಯಾವುದೋ ಕಂಪನಿಯ ಗುಪ್ತ ತಪಾಸಣೆಯವನೆಂದು ತಿಳಿದು ಚಹಾ ತರಿಸಿದ. ಯಾರೂ ತಮ್ಮ ಮಾಲು ಕೆಟ್ಟದ್ದೆಂದು ಒಪ್ಪುವವರಲ್ಲ. ಇಷ್ಟು ವರ್ಷ ನಮ್ಮ ಸಪ್ಲೈಯರುಗಳೂ ಒಪ್ಪಿರಲಿಲ್ಲ, ಅದು ಬೇರೆ ಕಥೆ. ಆಮೇಲೆ ಅಹಮದಾಬಾದಿನ ವಟ್ವಾದಲ್ಲೊಂದು ಕಾರ್ಖಾನೆಯ ಮಾಲು ನೋಡುವ ಕೆಲಸ ಬಂತು. ಅದನ್ನು ಬೇಗ ಮುಗಿಸಿ ಅಹಮದಾಬಾದ್ ಸ್ಟೇಷನ್ನಿನ ಹೊರಗಿನ ಫುಟ್‌ಪಾತಿಗೆ ಬಂದೆ. ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಇಯರ್‌ಫೋನುಗಳ ರಾಶಿ ಹಾಕಿಕೊಂಡು ಒಬ್ಬ ಕೂತಿದ್ದ. “ಸಾಹೇಬ್, ಏಕ್‌ದಂ ಕ್ಲಿಯರ್ ಅವಾಜ್!” ಎಂದ.

“ಕ್ಲಿಯರ್ ನಹೀ ಚಾಹಿಯೇ” ಅಂದೆ.

ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. “ತೋ ಕ್ಯಾ ಚಾಹಿಯೇ?”

ವಾಕ್‌ಮನ್ನು, ಅವ್ವನ ಕ್ಯಾಸೆಟ್ಟು ಜೊತೆಗೇ ತಂದಿದ್ದೆ. ಫುಟ್‌ಪಾತಿನ ಮೇಲೆ ಕುಕ್ಕುರುಗಾಲಲ್ಲಿ ಕೂತು ಒಂದೊಂದನ್ನೇ ಹಾಕಿ ಮೂರನೆಯ ನುಡಿ ಕೇಳಿದೆ. ಒಂದರಲ್ಲಿ ಕೆಮ್ಮು ಕೇಳಿಸಿತು, ವಾಪಸು ಇಟ್ಟೆ. ಇನ್ನೊಂದರಲ್ಲಿ ಕೆಮ್ಮಿಲ್ಲ, ಆದರೆ ‘ಏರಸು’ ಇತ್ತು, ಅದನ್ನೂ ವಾಪಸು ಇಟ್ಟೆ. ಮಾರುವವನು ಪಕ್ಕದ ಬೆಲ್ಟಿನ ವ್ಯಾಪಾರಿಗೆ ಕಣ್ಣುಸನ್ನೆ ಮಾಡಿದ. ಕಟ್ಟಕಡೆಗೆ ರಾಶಿಯ ಅಡಿಯಲ್ಲಿದ್ದ ಒಂದು ಕಂದು ಬಣ್ಣದ ಗುಂಡಿ. ಹಾಕಿಕೊಂಡೆ. ಓಣಿಯ ಆ ತುದಿ, ನಡುವೆ ಕಂಬಳಿ, ಸಣ್ಣ ದನಿಯಲ್ಲಿ ಯಾರೋ ಹುಡುಗಿ ಹಾಡುತ್ತಿದ್ದಾಳೆ. ಒಂದು ಬದಿ ಅರ್ಧ ಸತ್ತಿದೆ. ವೈರಿನ ಬುಡ ಸಡಿಲ. ಸ್ಟೇಷನ್ನಿನ ಆ ಗದ್ದಲದಲ್ಲಿ ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು. “ಯಹೀ, ಯಹೀ!” ಎಂದು ಕೂಗಿದೆ. ಮಾರುವವನಿಗೆ ಪಾಪ ಅನ್ನಿಸಿರಬೇಕು, ಇದು ಕೆಟ್ಟಿದೆ ಸಾಹೇಬ್ ಎಂದು ತಾನಾಗಿಯೇ ಹೇಳಿದ. ಗುಜರಾತಿನಲ್ಲಿ ನನಗೆ ಸಿಕ್ಕ ಒಬ್ಬನೇ ಪ್ರಾಮಾಣಿಕ ಸಪ್ಲೈಯರ್.

ಅಪ್ಪ ಅದನ್ನು ಹಾಕಿಕೊಂಡು ವೈರಿನ ಬುಡ ಒತ್ತಿದರು. ಬಹಳ ಹೊತ್ತು ಕೇಳಿದರು. “ಹಾಂ, ಇದು ಛಲೋ ಅದ. ಏನೂ ಕೇಳ್ಸೂದಿಲ್ಲ” ಅಂದರು. ಅವತ್ತು ಸುಮಾ ಬಡಿಸಿದ್ದನ್ನೆಲ್ಲ ಉಂಡರು, ಮಜ್ಜಿಗೆಗೆ ಎರಡನೆಯ ಸಲ ಅನ್ನ ಹಾಕಿಸಿಕೊಂಡರು. ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ತಾಳ. ವೈರನ್ನು ಒತ್ತಿ ಹಿಡಿಯುವ ಕೆಲಸ ಶುಭಾಳಿಗೆ ಬಂತು. ನಾನು ಗೆದ್ದೆನೆಂದು ಎದುರಿಗೆ ಕೂತು ನೋಡುತ್ತಿದ್ದೆ. ಮೂರನೆಯ ನುಡಿ ಬಂದಿರಬೇಕು, ತಾಳದ ಕೈ ಒಂದು ಪೆಟ್ಟಿನಷ್ಟು ಮೇಲೇ ನಿಂತು, ಆಮೇಲೆ ಇಳಿಯಿತು. ಅಪ್ಪ ನನ್ನ ಕಡೆ ನೋಡಲಿಲ್ಲ. ಆ ಕೈ ಈಗಲೂ ದಿನಾ ಅಲ್ಲೇ ನಿಲ್ಲುತ್ತದೆ, ಆದರೆ ಊಟ ಮಾತ್ರ ಸರಿಯಾಗಿ ನಡೆದಿದೆ.

ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ನಮ್ಮೆಲ್ಲರ ಆರೋಗ್ಯ ತಪಾಸಣೆ ಆಗುತ್ತದೆ. ಈ ಸಲ ಡಾಕ್ಟರು ನನ್ನನ್ನು ಒಂದು ಗೂಡಿನಲ್ಲಿ ಕೂರಿಸಿ, ಕಿವಿಗೆ ದಪ್ಪನೆಯ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಬೇಕು ಅಂದರು. ಒತ್ತಿದೆ. ಅವರು ಸದ್ದು ಸಣ್ಣ ಮಾಡುತ್ತ ಹೋದರು, ನಾನು ಒತ್ತುತ್ತ ಹೋದೆ. ಹೊರಗೆ ಬಂದಾಗ ಬೆನ್ನು ತಟ್ಟಿ, “ಇಷ್ಟು ವರ್ಷ ಕಾರ್ಖಾನೆಯ ಗದ್ದಲದಲ್ಲಿದ್ದೂ ನಿಮ್ಮ ಕಿವಿಯಲ್ಲಿ ಒಂದೇ ಒಂದು ಐಬಿಲ್ಲ. ಪುಣ್ಯವಂತರು!” ಅಂದರು. ನನ್ನ ಜಾಗಕ್ಕೆ ಮರಳಿದಾಗ ಮೇಜಿನ ಮೇಲೆ ನಮ್ಮ ವಿಭಾಗದ ಕೆಂಪು ಚೀಟಿಗಳು ಇದ್ದವು. ಎರಡು ಕಿವಿಗೂ ಒಂದೊಂದು ಅಂಟಿಸಿಕೊಂಡು ಮನೆಗೆ ಹೋಗಬೇಕು ಅನ್ನಿಸಿತು.